ಸೇವಂತಿ ಟೀಚರ್ ಮಾಡಿಸಿದ ಪ್ರಮಾಣ

ಸೇವಂತಿ ಟೀಚರ ಕಾಲಿನಲ್ಲಿ ನರ ಉಬ್ಬಿಕೊಂಡದ್ದಕ್ಕೆ ತಾವೇ ಕಾರಣ ಎಂದು ಅವರ ಹಳೆಯ ವಿದ್ಯಾರ್ಥಿಗಳು ಈಗಲೂ ಹೇಳಿಕೊಂಡು ನಗುವುದುಂಟು. ಅದರಲ್ಲಿ ಸುಳ್ಳೇನೂ ಇಲ್ಲ. ಪರೀಕ್ಷೆಯ ಕೋಣೆಯಲ್ಲಿ ಟೀಚರ್ ಕುರ್ಚಿಯಲ್ಲಿ ಕುಳಿತದ್ದನ್ನು ಕಂಡವರಿಲ್ಲ. ಬೆಂಚುಗಳ ನಡುವೆ ಅತ್ತಿಂದಿತ್ತ, ಇತ್ತಿಂದತ್ತ ನಡೆಯುವುದೇ ನಡೆಯುವುದು. ಜಿಯೋಮೆಟ್ರಿ ಬಾಕ್ಸಿನ ಮುಚ್ಚಳದೊಳಗೆ ಅಂಟಿಸಿದ ಸೂತ್ರ, ರಬ್ಬರಿನ ಅಡಿಯಲ್ಲಿ ಗೀಚಿದ ಉತ್ತರ, ಕೆಮ್ಮಿನ ಮೂಲಕ ಹಿಂದಿನ ಬೆಂಚಿಗೆ ರವಾನೆಯಾಗುವ ಎ, ಬಿ, ಸಿ, ಡಿ, ಎಲ್ಲವೂ ಅವರಿಗೆ ಬಾಯಿಪಾಠ. ನಿಜವಾಗಿ ಶೀತವಾದ ಹುಡುಗ ಕೂಡ ಅವರ ಎದುರು ಕೆಮ್ಮಲು ಹಿಂದೆಮುಂದೆ ನೋಡುತ್ತಿದ್ದ.

ಅರಂತೋಡಿನಿಂದ ಸ್ವಲ್ಪ ಒಳಗೆ, ರಬ್ಬರು ಮರಗಳ ಗುಡ್ಡದ ಮೇಲಿರುವ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಅವರು ಲೆಕ್ಕದ ಟೀಚರ್. ಮನೆ ಕಲ್ಲುಗುಂಡಿಯಲ್ಲಿ. ಗಂಡ ಅಚ್ಚುತ ಜೇನು ಸಾಕುತ್ತಾರೆ. ಅವರದು ಮಾತು ಕಡಿಮೆ, ಟೀಚರದು ಜಾಸ್ತಿ, ಹಾಗಾಗಿ ಸಂಸಾರ ಜಗಳವಿಲ್ಲದೆ ನಡೆದುಕೊಂಡು ಬಂದಿದೆ. ಮನೆಮಾತು ಅರೆಭಾಷೆ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಶಾಲೆಯೊಳಗೆ ಅರೆಭಾಷೆ ಬಾಯಿಗೆ ಬರುವುದು ತೀರಾ ಸಿಟ್ಟು ಬಂದಾಗ, ಇಲ್ಲವೇ ತೀರಾ ಪ್ರೀತಿ ಬಂದಾಗ. ಹುಡುಗಿಯನ್ನು ಹೆಸರು ಬಿಟ್ಟು ‘ಗೂಡೆ’ ಎಂದು ಕರೆದರೆ ಅದು ಎರಡರಲ್ಲಿ ಯಾವುದು ಎಂದು ಆ ಹುಡುಗಿ ಮುಖ ನೋಡಿಯೇ ತಿಳಿಯಬೇಕಿತ್ತು.

ಇಷ್ಟು ಬಿಗಿಯಾದ ಟೀಚರನ್ನು ಮಕ್ಕಳು ದ್ವೇಷಿಸಬೇಕಿತ್ತು. ಹಾಗಾಗಲಿಲ್ಲ. ತಪ್ಪಾದ ಲೆಕ್ಕದೊಳಗೆ ಕೈಹಾಕಿ ಎಲ್ಲಾದರೂ ಒಂದು ಸರಿಯಾದ ಹಂತ ಸಿಗುತ್ತದೆಯೇ ಎಂದು ಹುಡುಕುವುದು ಅವರ ಇನ್ನೊಂದು ಚಾಳಿ. ಸಿಕ್ಕಿದರೆ ಅರ್ಧ ಮಾರ್ಕು. ಸಿಗದಿದ್ದರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಇಲ್ಲಿಂದ ದಾರಿ ತಪ್ಪಿದೆ’ ಎಂದು ಬರೆದು ಒಂದು ಬಾಣ. ಉತ್ತರಪತ್ರಿಕೆ ವಾಪಸು ಬಂದಾಗ ಸೊನ್ನೆ ತೆಗೆದುಕೊಂಡವರೂ ಆ ಬಾಣ ಎಲ್ಲಿದೆ ಎಂದು ಹುಡುಕುತ್ತಿದ್ದರು.

ಇಂಥವರಿಗೆ ಪೊಲೀಸು ಕೆಲಸ ಸಾಕೆನಿಸಿದ್ದು ಒಂದು ಮಧ್ಯಾವಧಿ ಪರೀಕ್ಷೆಯಲ್ಲಿ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮುಷ್ಟಿಯಲ್ಲಿ ಮಡಚಿದ ಕಾಗದ ಹಿಡಿದುಕೊಂಡಿದ್ದಳು. ಟೀಚರ್ ಹಿಂದಿನಿಂದ ಬಂದು ಕೈ ಹಿಡಿದು ಬಿಡಿಸಿದರು. ಕಾಗದದೊಳಗೆ ಇದ್ದದ್ದು ಹೊಟ್ಟೆನೋವಿನ ಮಾತ್ರೆ. ಹುಡುಗಿಗೆ ಅದನ್ನು ನುಂಗಲು ನೀರು ಕೇಳುವುದಕ್ಕೆ ನಾಚಿಕೆ. ಇಡೀ ತರಗತಿ ತಿರುಗಿ ನೋಡಿತು, ಹುಡುಗಿ ಬೆಂಚಿಗೆ ಹಣೆ ಹಚ್ಚಿ ಅತ್ತಳು. ಎದುರು ಕುಳಿತ ಮಕ್ಕಳನ್ನು ತಾನು ಕಳ್ಳರೆಂದು ತಿಳಿದೇ ನೋಡಲು ಶುರುಮಾಡುತ್ತೇನೆ ಎಂಬುದು ಟೀಚರಿಗೆ ಅಂದು ಗೊತ್ತಾಯಿತು, ಗೊತ್ತಾಗಿ ಬಹಳ ಬೇಸರವಾಯಿತು.

ಅದಾದ ಮೇಲೆ ದರ್ಬೆಯಲ್ಲಿ ಟೀಚರುಗಳಿಗೆ ಒಂದು ತರಬೇತಿ. ಅಲ್ಲಿ ಮಾತಾಡಿದವರೊಬ್ಬರು, ಕೆಲವು ಕಡೆ ಶಾಲೆಗಳಲ್ಲಿ ಮಕ್ಕಳೇ ಒಂದು ಮಾತು ಕೊಡುತ್ತಾರೆ, ಆಮೇಲೆ ಪರೀಕ್ಷೆಯ ಕೋಣೆಯಲ್ಲಿ ಟೀಚರ್ ಇರುವುದೇ ಇಲ್ಲ ಎಂದರು. ಉಳಿದವರು ಊಟದ ಹೊತ್ತಿಗೆ ಅದನ್ನು ಮರೆತರು. ಸೇವಂತಿ ಟೀಚರ್ ಮರೆಯಲಿಲ್ಲ. ಮರುದಿನ ಬೆಳಿಗ್ಗೆಯೇ ಹೆಡ್ಮಾಷ್ಟ್ರು ಮುರಳಿಕೃಷ್ಣರ ಎದುರು ನಿಂತರು.

“ಟೀಚರೇ, ನೀವು ಹೊರಗೆ ಹೋದ್ರೆ ಇಡೀ ಕ್ಲಾಸು ಒಂದೇ ಉತ್ತರ ಬರೀತದೆ,” ಎಂದರು ಹೆಡ್ಮಾಷ್ಟ್ರು. ಒಳ್ಳೆಯ ಮನುಷ್ಯ, ಆದರೆ ಫಲಿತಾಂಶದ ಹೆಸರು ಕೇಳಿದರೆ ರಕ್ತದೊತ್ತಡ ಏರುತ್ತದೆ.

“ಒಂಬತ್ತನೇ ಕ್ಲಾಸಿನ ಕಿರುಪರೀಕ್ಷೆಗೆ ಮಾತ್ರ ಸರ್. ಹಾಳಾದ್ರೆ ನನ್ನ ಹೆಸರು ಹೇಳಿ.”

“ಹಾಳಾಗದಿದ್ರೆ ಶಾಲೆಯ ಹೆಸರು ಹೇಳುವ,” ಎಂದು ಹೆಡ್ಮಾಷ್ಟ್ರು ಒಪ್ಪಿದರು.

ಇನ್ನು ಮಕ್ಕಳು ಹೇಳಬೇಕಾದ ವಾಕ್ಯ ಬರೆಯಬೇಕು. ‘ಪ್ರತಿಜ್ಞೆ ಮಾಡುತ್ತೇನೆ’ ಎಂದು ಬರೆದು ಟೀಚರ್ ಹೊಡೆದುಹಾಕಿದರು. ಪ್ರತಿಜ್ಞೆಯನ್ನು ಮಕ್ಕಳು ದಿನಾ ಬೆಳಿಗ್ಗೆ ಅಸೆಂಬ್ಲಿಯಲ್ಲಿ ಮಾಡುತ್ತಾರೆ, ಒಂದು ಕಣ್ಣಿನಲ್ಲಿ ಕಾಗೆ ನೋಡುತ್ತಾ ಮಾಡುತ್ತಾರೆ. ‘ಮಾತು ಕೊಡುತ್ತೇನೆ’ ಎಂದು ಬರೆದರು. ಅದೂ ಸಪ್ಪೆ ಎನಿಸಿತು. ಕೊನೆಗೆ ‘ಪ್ರಮಾಣ ಮಾಡುತ್ತೇನೆ’ ಎಂದು ಬರೆದು, ಒಮ್ಮೆ ಓದಿ, ಪೆನ್ನು ಕೆಳಗಿಟ್ಟರು. ಇದು ಸರಿ, ಇದಕ್ಕೆ ಯಾರೂ ತಮಾಷೆ ಮಾಡುವುದಿಲ್ಲ ಎಂದುಕೊಂಡರು.

ಘಟ್ಟದ ಮೇಲಿನವರಿಗೆ ಇದರಲ್ಲಿ ಏನು ವಿಶೇಷ ಎನಿಸಬಹುದು. ಮಂತ್ರಿಗಳೂ ಪ್ರಮಾಣ ಮಾಡುತ್ತಾರಲ್ಲ ಎನ್ನಬಹುದು. ನಮ್ಮ ಈ ಕಡೆ ಪ್ರಮಾಣವೆಂದರೆ ಬೇರೆಯೇ. ಜಾಗದ ತಕರಾರು, ಕಳವು, ಮಾತಿಗೆ ತಪ್ಪಿದ್ದು, ಇಂಥದ್ದು ಯಾವ ಪಂಚಾಯತಿಗೂ ಬಗೆಹರಿಯದಿದ್ದರೆ ದೈವದ ಎದುರೋ ದೇವರ ಎದುರೋ ನಿಂತು ಪ್ರಮಾಣ ಮಾಡುತ್ತಾರೆ. ಸುಳ್ಳು ಪ್ರಮಾಣ ಮಾಡಿದವನ ಮನೆಯಲ್ಲಿ ಏನಾದರೊಂದು ಆಗುತ್ತದೆ ಎಂಬುದು ನಂಬಿಕೆ. ಪ್ರಮಾಣ ನಡೆದ ಎರಡು ಮನೆಗಳ ನಡುವೆ ಆಮೇಲೆ ನೀರೂ ಇಲ್ಲ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಒಂದು ಗುಟುಕು ಕುಡಿಯುವಂತಿಲ್ಲ.

ಇದು ಸೇವಂತಿ ಟೀಚರಿಗೆ ಹೇಳಿಕೇಳಿದ ಕತೆಯಲ್ಲ. ಅವರ ಅಪ್ಪ ಮತ್ತು ದೊಡ್ಡಪ್ಪನ ನಡುವೆ ಒಂದು ಗಡಿಯ ವಿಷಯದಲ್ಲಿ ಪ್ರಮಾಣವಾಗಿತ್ತು. ಎರಡು ಮನೆಗೂ ಒಂದೇ ಅಂಗಳ. ಸಣ್ಣವಳಿದ್ದಾಗ ಶಾಲೆಯಿಂದ ಬಂದ ಒಂದು ಮಧ್ಯಾಹ್ನ ತಮ್ಮ ಮನೆಗೆ ಬೀಗ, ಬಾಯಿ ಒಣಗಿತ್ತು. ದೊಡ್ಡಮ್ಮ ಜಗಲಿಯಲ್ಲಿ ಕುಳಿತು ಇವಳನ್ನೇ ನೋಡುತ್ತಿದ್ದರು. ಅವರ ಬದಿಯಲ್ಲೇ ನೀರಿನ ತಂಬಿಗೆ. ದೊಡ್ಡಮ್ಮ ಕೊಡಲಿಲ್ಲ, ಇವಳು ಕೇಳಲಿಲ್ಲ. ಅಮ್ಮ ಬರುವವರೆಗೆ ಇಬ್ಬರೂ ಹಾಗೇ ಕುಳಿತಿದ್ದರು, ದೊಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನೂ ಇವಳು ನೋಡಿದ್ದಳು. ಆ ಪದಕ್ಕೆ ಎಷ್ಟು ಬಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅದನ್ನು ಆರಿಸಿದರು. ಹೊರಗಿನವರಾಗಿದ್ದರೆ ಆ ತಪ್ಪು ಮಾಡುತ್ತಿರಲಿಲ್ಲ.

ಪರೀಕ್ಷೆಯ ದಿನ ಒಂಬತ್ತನೆಯ ತರಗತಿಯನ್ನು ನಿಲ್ಲಿಸಿ ಹೇಳಿಸಿದರು: “ನಾನು ನೋಡಿ ಬರೆಯುವುದಿಲ್ಲ, ತೋರಿಸುವುದಿಲ್ಲ ಎಂದು ಪ್ರಮಾಣ ಮಾಡುತ್ತೇನೆ.”

ಮೊದಲ ಬೆಂಚಿನ ಸುಹರಾ ಕೈಯೆತ್ತಿದಳು. “ಟೀಚರ್, ಪ್ರಮಾಣ ಅಂದ್ರೆ ಆಣೆ ಹಾಕುದಾ? ನಮ್ಮ ಮನೆಯಲ್ಲಿ ಆಣೆ ಹಾಕ್ಲಿಕ್ಕೆ ಬಿಡುದಿಲ್ಲ.”

“ನೋಡಿ ಬರೀದಿದ್ರೆ ಹೆದರ್ಲಿಕ್ಕೆ ಎಂತ ಉಂಟು? ಹೇಳು,” ಎಂದರು ಟೀಚರ್.

ಸುಹರಾಳ ಪಕ್ಕದಲ್ಲಿ ಕುಳಿತುಕೊಳ್ಳುವವಳು ಭವಿತಾ. ಅಪ್ಪ ರಬ್ಬರು ಮರ ಟ್ಯಾಪಿಂಗ್ ಮಾಡಿ ಹಾಲು ತೆಗೆಯುವವರು, ಅಮ್ಮ ಅಂಗನವಾಡಿಯ ಸಹಾಯಕಿ, ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದ್ದೆಲ್ಲ ಅಜ್ಜಿ ಪೂವಮ್ಮ. ಲೆಕ್ಕದಲ್ಲಿ ಚುರುಕು ಅಲ್ಲ, ದಡ್ಡಿಯೂ ಅಲ್ಲ, ಅರ್ಧ ಮಾರ್ಕುಗಳನ್ನು ಕೂಡಿಸಿ ಕೂಡಿಸಿ ಪಾಸಾಗುವವಳು. ಅವಳು ಆ ವಾಕ್ಯವನ್ನು ಸಣ್ಣ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದಳು. ಟೀಚರ್ ಪ್ರಶ್ನೆಪತ್ರಿಕೆ ಹಂಚಿ, ಹೊರಗೆ ಹೋಗಿ, ಮೈದಾನದ ಬದಿಯ ಗೇರುಮರದ ಕೆಳಗೆ ಕುರ್ಚಿ ಹಾಕಿ ಕುಳಿತರು. ಆ ಶಾಲೆಯಲ್ಲಿ ಪರೀಕ್ಷೆಯ ಹೊತ್ತಿಗೆ ಅವರು ಕುಳಿತದ್ದು ಅದೇ ಮೊದಲು.

ಉತ್ತರಪತ್ರಿಕೆ ತಿದ್ದುವಾಗ ಟೀಚರಿಗೆ ಹಬ್ಬ. ಬಗೆಬಗೆಯ ತಪ್ಪುಗಳು, ಒಬ್ಬರ ತಪ್ಪು ಇನ್ನೊಬ್ಬರಲ್ಲಿಲ್ಲ. “ನೋಡಿ, ಎಲ್ಲ ಸ್ವಂತ ತಪ್ಪು,” ಎಂದು ಅಚ್ಚುತರಿಗೆ ಒಂದೊಂದೇ ತೋರಿಸಿದರು. ಅಚ್ಚುತ ಎಲ್ಲ ನೋಡಿ, “ಪ್ರಮಾಣ ಅಂತ ಬರೆದದ್ದಾ? ಮಕ್ಕಳಿಗೆ?” ಎಂದು ಕೇಳಿದರು. ಟೀಚರ್ ಮುಂದಿನ ಹಾಳೆ ತೆಗೆದು ತೋರಿಸಿದರು. ಹೆಡ್ಮಾಷ್ಟ್ರಂತೂ ಖುಷಿಯಲ್ಲಿ ಇನ್ನು ಇಡೀ ಹೈಸ್ಕೂಲಿಗೆ ಇದೇ ಪದ್ಧತಿ ಎಂದು ತೀರ್ಮಾನಿಸಿದರು. ವಾರ್ಷಿಕೋತ್ಸವಕ್ಕೆ ಶಿಕ್ಷಣಾಧಿಕಾರಿಗಳು ಬರುವ ಹೊತ್ತಿಗೆ ಸಭಾಂಗಣದ ಗೋಡೆಯ ಮೇಲೆ ಆ ವಾಕ್ಯ ಇರಲಿ ಎಂದು ಪೈಂಟರಿಗೂ ಹೇಳಿಬಿಟ್ಟರು.

ಆ ಪರೀಕ್ಷೆಯ ಮಾರನೆಯ ದಿನವೇ ಭವಿತಾಳ ಅಜ್ಜಿ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದು ಸುಳ್ಯದ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಹುಡುಗಿ ಕೆಲವು ದಿನ ಶಾಲೆಗೆ ಬರಲಿಲ್ಲ. ಬಂದಾಗ ಅವಳು ಮೊದಲಿನ ಭವಿತಾ ಅಲ್ಲ. ಕರೆದರೆ ಎದ್ದು ನಿಲ್ಲುತ್ತಾಳೆ, ಮಾತಿಲ್ಲ. ಊಟದ ಹೊತ್ತಿಗೆ ದೂರ ಹೋಗಿ ಒಬ್ಬಳೇ ಕುಳಿತುಕೊಳ್ಳುತ್ತಾಳೆ. ಅಜ್ಜಿಯ ಚಿಂತೆ ಎಂದುಕೊಂಡರು ಟೀಚರ್. ಮುಂದಿನ ಕಿರುಪರೀಕ್ಷೆಯಲ್ಲಿ ಅವಳು ಹೆಸರು ಮಾತ್ರ ಬರೆದ ಖಾಲಿ ಹಾಳೆ ಕೊಟ್ಟಳು. ಬಾಣ ಹಾಕಲಿಕ್ಕೂ ಅದರಲ್ಲಿ ಏನೂ ಇರಲಿಲ್ಲ.

“ಎಂತ ಇದು? ಒಂದು ಹಂತ ಆದ್ರೂ ಬರೀಲಿಕ್ಕೆ ಆಗ್ಲಿಲ್ವಾ?” ಎಂದು ಟೀಚರ್ ಎಲ್ಲರ ಎದುರೇ ಗದರಿದರು. ಇನ್ನೂ ಒಂದು ಪರೀಕ್ಷೆ ಹೀಗೇ ಹೋದರೆ ಹತ್ತನೆಯ ತರಗತಿಗೆ ಇವಳನ್ನು ದಾಟಿಸುವುದು ಹೇಗೆ ಎಂಬ ಚಿಂತೆ ಟೀಚರಿಗೆ ಅಂದೇ ಹತ್ತಿಕೊಂಡಿತು.

ಸಂಜೆ ಬಸ್ಸಿಗೆ ಕಾಯುವಾಗ ಸುಹರಾ ಹತ್ತಿರ ಬಂದಳು. ಶಾಲನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಹೇಳಿದಳು.

“ಟೀಚರ್, ಭವಿತಾ ಇನ್ನು ಬರಿಯುದೇ ಇಲ್ಲವಂತೆ. ಬರಿಯುವಾಗ ಕಣ್ಣು ಎಲ್ಲಿಗಾದ್ರೂ ಹೋದ್ರೆ ಅಂತ ಹೆದರಿಕೆಯಂತೆ.”

“ಎಲ್ಲಿಗೆ ಹೋಗುದು?”

“ಆವತ್ತು ಮೊದಲ ಪರೀಕ್ಷೆಯಲ್ಲಿ ನನ್ನ ಪೇಪರು ನೋಡಿದ್ದಳು. ಒಂದು ಲೆಕ್ಕ. ನಾನೇ ಸ್ವಲ್ಪ ಓರೆ ಮಾಡಿ ಹಿಡಿದದ್ದು ಟೀಚರ್, ಅವಳು ಅಳುವ ಹಾಗೆ ಕೂತಿದ್ದಳು. ಮರುದಿನ ಅಜ್ಜಿ ಬಿದ್ದದ್ದು.” ಸುಹರಾಳ ದನಿ ಇಳಿಯಿತು. “ನನಗೆ ಎಂತ ಆಗ್ಲಿಲ್ಲ. ನಾನು ಆಣೆ ಹಾಕಿರ್ಲಿಲ್ಲ. ಎಲ್ಲರೂ ಹೇಳುವಾಗ ಬಾಯಿ ಮಾತ್ರ ಆಡಿಸಿದ್ದು.”

ಬಸ್ಸು ಬಂತು, ಹೋಯಿತು. ಟೀಚರ್ ಹತ್ತಲಿಲ್ಲ. ಸುಹರಾಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, “ನೀನು ಮನೆಗೆ ಹೋಗು ಗೂಡೆ,” ಎಂದು ಹೇಳಿ, ಭವಿತಾಳ ಮನೆಯ ದಾರಿ ಹಿಡಿದರು.

ದಾರಿ ಏರು. ಉಬ್ಬಿದ ನರದ ಕಾಲಿಗೆ ಅದು ಸಣ್ಣ ಶಿಕ್ಷೆಯಲ್ಲ. ನಡುವೆ ನಿಂತು ಉಸಿರು ತೆಗೆದುಕೊಳ್ಳುವಾಗ ಹೇಳಬೇಕಾದ ಮಾತುಗಳನ್ನೆಲ್ಲ ಟೀಚರ್ ಮನಸ್ಸಿನಲ್ಲಿ ಜೋಡಿಸಿಕೊಂಡರು. ಮೂಳೆ ಸವೆಯುವ ವಯಸ್ಸು, ಜಾರುವ ನೆಲ, ಕಾಕತಾಳೀಯ ಎಂದರೇನು, ಎಲ್ಲ. ಲೆಕ್ಕದ ಟೀಚರಲ್ಲವೇ, ಹಂತ ಹಂತವಾಗಿ ಹೇಳಿದರೆ ಅರ್ಥವಾದೀತು ಎಂಬ ಧೈರ್ಯ.

ಮನೆಯಲ್ಲಿ ದೊಡ್ಡವರು ಬಂದಿರಲಿಲ್ಲ. ಚಾವಡಿಯ ಮಂಚದಲ್ಲಿ ಪೂವಮ್ಮ ಮಲಗಿದ್ದರು, ಭವಿತಾ ಅವರ ಪಾದ ಒತ್ತುತ್ತಿದ್ದಳು. ಟೀಚರನ್ನು ಕಂಡು ಹುಡುಗಿಯ ಕೈ ನಿಂತಿತು. ಪೂವಮ್ಮ ಮಾತ್ರ ಮುಖ ಅರಳಿಸಿ ಮಾತಿಗೆ ಶುರುಮಾಡಿದರು. ಅಜ್ಜಿ ಆಡಿದ್ದು ಅರೆಭಾಷೆ, ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆದದ್ದು.

“ಬನ್ನಿ ಟೀಚರೇ, ಕೂತುಕೊಳ್ಳಿ. ಎದ್ದು ಕರೀಲಿಕ್ಕೆ ನನ್ನಿಂದ ಆಗುದಿಲ್ಲ. ಭವಿತಾ, ಟೀಚರಿಗೆ ಆಸರಿಗೆ ತಾ.”

ಭವಿತಾ ಒಳಗೆ ಹೋದಳು. ಟೀಚರ್ ಅಜ್ಜಿಯ ಸೊಂಟ ವಿಚಾರಿಸಿದರು, ಡಾಕ್ಟರು ಹೇಳಿದ್ದನ್ನು ಕೇಳಿದರು, ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದ ಪ್ರತಾಪವನ್ನೂ ಕೇಳಿದರು. ಹುಡುಗಿ ಬರಲಿಲ್ಲ. “ಎಂತ ಮಾಡ್ತಿದ್ದಿ ಗೂಡೆ, ಬಾವಿ ತೋಡ್ಲಿಕ್ಕೆ ಹೋದದ್ದಾ?” ಎಂದು ಪೂವಮ್ಮ ಕೂಗಿದರು. ಭವಿತಾ ಬಾಗಿಲಿಗೆ ಬಂದು ನಿಂತಳು. ಕೈ ಖಾಲಿ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಆಸರಿಗೆ, ಎಂದರೆ ಬೆಲ್ಲ ಮತ್ತು ನೀರು. ಕಾಫಿ, ತಿಂಡಿ, ಮಾತು, ಜಗಳ ಎಲ್ಲ ಆಮೇಲೆ. ದಾರಿ ತಪ್ಪಿ ಬಂದ ಅಪರಿಚಿತನಿಗೂ ಕೊಡುತ್ತಾರೆ. ಬಾಯಾರಿ ಬಂದವರಿಗೆ ನೀರು ಕೊಡದಿರಲು ಒಂದೇ ಒಂದು ಕಾರಣ ಇರುವುದು. ಸೇವಂತಿ ಟೀಚರಿಗೆ ಆ ಕಾರಣ ಎಳವೆಯಿಂದ ಗೊತ್ತು. ಏರು ಹತ್ತಿ ಅವರ ಗಂಟಲೂ ಒಣಗಿತ್ತು.

“ನೀರು ಇಲ್ವಾ ಭವಿತಾ?”

“ಉಂಟು.”

“ಮತ್ತೆ?”

“ನೀವು ನಮ್ಮಲ್ಲಿ ಕುಡೀಬಾರ್ದು ಟೀಚರ್. ಪ್ರಮಾಣ ಉಂಟಲ್ಲ. ನಾನು ತಪ್ಪಿದ್ದೇನೆ. ನಿಮಗೂ ಎಂತಾದ್ರೂ ಆದ್ರೆ?”

ಇವಳು ಊಟದ ಹೊತ್ತಿಗೆ ದೂರ ಹೋಗಿ ಕುಳಿತದ್ದು, ಯಾರ ಬುತ್ತಿಗೂ ಕೈ ಹಾಕದೆ, ತನ್ನ ಬುತ್ತಿಯನ್ನು ಯಾರಿಗೂ ಕೊಡದೆ ಇದ್ದದ್ದು ಯಾಕೆಂದು ಟೀಚರಿಗೆ ಆಗ ತಿಳಿಯಿತು. ತನ್ನಿಂದ ಇನ್ನೊಬ್ಬರಿಗೆ ಕೇಡು ಬರಬಾರದೆಂದು ಹದಿನಾಲ್ಕರ ಹುಡುಗಿ ಒಬ್ಬಳೇ ಇಷ್ಟು ದಿನ ಸುತ್ತಲೂ ಬೇಲಿ ಹಾಕಿಕೊಂಡಿದ್ದಳು. ಅದರ ಗೂಟ ನೆಟ್ಟವರು ತಾವೇ.

ಆದರೂ ಜೋಡಿಸಿಕೊಂಡು ಬಂದ ಮಾತು ಶುರುಮಾಡಿದರು. “ಅಜ್ಜಿ ಬಿದ್ದದ್ದು ಸೋಪಿನ ನೀರಿಗೆ ಜಾರಿ.”

“ಸೋಪು ದಿನಾ ಇತ್ತಲ್ಲ ಟೀಚರ್. ಆವತ್ತೇ ಯಾಕೆ ಬಿದ್ದದ್ದು?”

“ಪ್ರಮಾಣಕ್ಕೆ ಹಾಗೆಲ್ಲ ಎಂತ ಆಗುದಿಲ್ಲ ಮಗಾ,” ಎಂದರು ಟೀಚರ್.

“ಎಂತ ಆಗುದಿಲ್ಲ ಅಂತಾದ್ರೆ ನಮ್ಮ ಹತ್ರ ಮಾಡಿಸಿದ್ದು ಯಾಕೆ?”

ಹುಡುಗಿ ಎದುರುತ್ತರ ಕೊಡಲು ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ಅದರಿಂದಲೇ ಅದು ಚುಚ್ಚಿತು. ಪ್ರಮಾಣ ಏನೂ ಅಲ್ಲ ಎಂದರೆ ತಾನು ಮಕ್ಕಳಿಗೆ ಹೇಳಿಸಿದ್ದು ಸುಳ್ಳಾಗುತ್ತದೆ. ಅದು ದೊಡ್ಡದೇ ಎಂದರೆ ಮುರಿದ ಸೊಂಟ ಈ ಹುಡುಗಿಯ ಹೆಗಲಿಗೆ ಬರುತ್ತದೆ. ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು.

ಇಷ್ಟು ಹೊತ್ತು ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ ಪೂವಮ್ಮನಿಗೆ ಈಗ ಅರ್ಥವಾಗಿತ್ತು. “ನನ್ನ ಕಾಲು ಒತ್ತುವಾಗ ದಿನಾ ಕಣ್ಣೀರು ಹಾಕುದು ಇದಕ್ಕಾ?” ಎಂದರು. “ನೋವು ನನಗೆ, ಅಳುದು ಇವಳು, ಎಂತ ಪ್ರೀತಿ ಅಂತ ನಾನು ಬಂದವರ ಹತ್ರ ಎಲ್ಲ ಹೇಳಿದ್ದು.” ನಗಲು ಹೋದರು, ದನಿ ಒಡೆಯಿತು. ಮೊಮ್ಮಗಳ ಕಡೆಗೆ ಕೈ ಚಾಚಿದರು. ಭವಿತಾ ಬಾಗಿಲು ಬಿಟ್ಟು ಕದಲಲಿಲ್ಲ.

ಟೀಚರ್ ಎದ್ದರು. ಒಳಗೋಡೆಯ ಗೂಡಿನಲ್ಲಿ ದೇವರ ದೀಪ ಇತ್ತು. “ಅಮ್ಮಾ, ಅಲ್ಲೊಂದು ತಪ್ಪುಕಾಣಿಕೆ ಇಡ್ತೇನೆ,” ಎಂದು ಪೂವಮ್ಮನ ಒಪ್ಪಿಗೆ ಕೇಳಿದರು. ಹರಕೆ ತಪ್ಪಿದರೆ, ನಡೆಯಲ್ಲಿ ತಪ್ಪಿದರೆ ನಮ್ಮವರು ಮಾಡುವುದು ಅದನ್ನೇ. ಒಂದು ನಾಣ್ಯ ಇಟ್ಟು, ತಪ್ಪನ್ನು ಬಾಯಿಬಿಟ್ಟು ಹೇಳಿ, ಕೈಮುಗಿದು ಬರುವುದು. ಅಲ್ಲಿಗೆ ಅದು ಮುಗಿಯಿತು, ಮತ್ತೆ ಯಾರೂ ಎತ್ತಿ ಆಡುವಂತಿಲ್ಲ.

ಟೀಚರ್ ಪರ್ಸಿನಿಂದ ಎರಡು ನಾಣ್ಯ ತೆಗೆದರು. ಒಂದನ್ನು ದೀಪದ ಬದಿಯಲ್ಲಿಟ್ಟು ಹುಡುಗಿಗೆ ಕೇಳುವ ಹಾಗೆ ಹೇಳಿದರು. “ಮಕ್ಕಳಿಗೆ ಸತ್ಯ ಕಲಿಸ್ಲಿಕ್ಕೆ ಹೋಗಿ ಹೆದರಿಕೆ ಕಲಿಸಿದೆ. ಆ ಪದ ಹೇಳಿಸ್ಬಾರ್ದಿತ್ತು, ಹೇಳಿಸಿದೆ. ಅದನ್ನು ಈಗ ಹಿಂದೆ ತೆಗೊಂಡೆ. ಅದರ ಭಾರ ಎಷ್ಟಿದ್ರೂ ಮಾಡಿಸಿದ ನನ್ನದು, ಮಾಡಿದ ಮಕ್ಕಳದ್ದಲ್ಲ.” ಕೈ ಮುಗಿದರು. ಅವರ ಕಣ್ಣಿನಲ್ಲಿ ನೀರಿತ್ತು, ಅದನ್ನು ಅಡಗಿಸಲೂ ಇಲ್ಲ.

ಆಮೇಲೆ ಇನ್ನೊಂದು ನಾಣ್ಯವನ್ನು ಭವಿತಾಳ ಅಂಗೈಯಲ್ಲಿಟ್ಟರು.

“ಇನ್ನು ನಿನ್ನದು. ನಿನ್ನ ತಪ್ಪು ಎಷ್ಟುಂಟೋ ಅಷ್ಟೇ ಹೇಳ್ಬೇಕು. ಕಡಿಮೆ ಮಾಡ್ಬಾರ್ದು, ಜಾಸ್ತಿಯೂ ಸೇರಿಸ್ಬಾರ್ದು. ಲೆಕ್ಕದ ಹಾಗೆ.”

ಹುಡುಗಿ ದೀಪದ ಎದುರು ನಿಂತಳು.

“ಸುಹರಾಳ ಪೇಪರಿನಿಂದ ಒಂದು ಲೆಕ್ಕ ನೋಡಿ ಬರೆದೆ.”

ಮುಂದೇನೋ ಹೇಳಲು ಹೋದಳು. ತಿರುಗಿ ಮಂಚದ ಕಡೆ ನೋಡಿದಳು. ಪೂವಮ್ಮ ತಲೆ ಅಲ್ಲಾಡಿಸಿ ಬೇಡವೆಂದರು.

“ಮತ್ತೆ?” ಎಂದು ಕೇಳಿದರು ಟೀಚರ್.

“ಅಷ್ಟೇ.”

“ಅಷ್ಟೇಯಾ?”

“ಅಷ್ಟೇ ಟೀಚರ್.” ನಾಣ್ಯ ಇಟ್ಟು ಕೈಮುಗಿದಳು. ಅಷ್ಟು ದಿನದ ಅಳು ಒಟ್ಟಿಗೇ ಬಂತು. ಟೀಚರ್ ಅವಳನ್ನು ಎದೆಗೆ ಒತ್ತಿ ಹಿಡಿದುಕೊಂಡು, ಅರೆಭಾಷೆಯಲ್ಲಿ ಏನೇನೋ ಹೇಳುತ್ತಾ ಬೆನ್ನು ಸವರಿದರು. ಪೂವಮ್ಮನೂ ಮಲಗಿದಲ್ಲೇ ಅತ್ತರು.

ಅಳು ಇಳಿದ ಮೇಲೆ ಟೀಚರ್ ಹೇಳಿದರು, “ಆ ಲೆಕ್ಕದ ಮಾರ್ಕು ಮಾತ್ರ ಕಳೀತೇನೆ. ಅದು ನಿನ್ನದಲ್ಲ.”

“ಕಳೀರಿ,” ಎಂದಳು ಭವಿತಾ, ಮೂಗು ಒರೆಸುತ್ತಾ.

“ಮಾರ್ಕು ಆಮೇಲೆ ಕಳೆಯುವಾ. ಟೀಚರ ಗಂಟಲು ಒಣಗಿ ಎಷ್ಟು ಹೊತ್ತಾಯ್ತು,” ಎಂದರು ಪೂವಮ್ಮ.

ಭವಿತಾ ಒಳಗೆ ಹೋಗಿ ಸಣ್ಣ ತಟ್ಟೆಯಲ್ಲಿ ಬೆಲ್ಲದ ತುಂಡು, ತಂಬಿಗೆಯಲ್ಲಿ ನೀರು ತಂದಳು. ಟೀಚರ್ ಬೆಲ್ಲ ಬಾಯಿಗೆ ಹಾಕಿ ನೀರು ಕುಡಿಯುವುದನ್ನು ಅವಳು ಕಣ್ಣೆವೆ ಇಕ್ಕದೆ ನೋಡುತ್ತಿದ್ದಳು. ಟೀಚರಿಗೆ ಏನೂ ಆಗಲಿಲ್ಲ. ಇನ್ನೊಂದು ತಂಬಿಗೆ ಕೇಳಿ ಕುಡಿದರು.

ಇನ್ನು ಶಾಲೆಯದು. ಮರುದಿನ ಟೀಚರ್ ಅಸೆಂಬ್ಲಿಯಲ್ಲಿ ಎಲ್ಲರ ಎದುರು ನಿಂತು, ಒಂಬತ್ತನೆಯವರಿಂದ ಹೇಳಿಸಿದ ಆ ಪದ ತಪ್ಪು,  ಅದನ್ನು ಹಿಂದೆ ತೆಗೆದುಕೊಂಡಿದ್ದೇನೆ, ಅದರಿಂದ ಯಾರ ಮನೆಗೂ ಏನೂ ಬರುವುದಿಲ್ಲ ಎಂದರು. ಭವಿತಾಳ ಹೆಸರು ಬಾಯಿಗೆ ತರಲಿಲ್ಲ. ಹೆಡ್ಮಾಷ್ಟ್ರು ಆಮೇಲೆ ಕೋಣೆಗೆ ಕರೆದರು.

“ಪೈಂಟರು ಬರೆದು ಆಗಿದೆ ಮಾರಾಯ್ರೆ. ಆ ಪದ ತೆಗೆದ್ರೆ ಮಕ್ಕಳು ಹೆದರುದಿಲ್ಲ. ಹೆದರದಿದ್ರೆ ನೋಡಿ ಬರೀತಾರೆ.”

“ಬರೀಬಹುದು ಸರ್. ಬರೆದವರು ಬಂದು ಹೇಳ್ಲಿಕ್ಕೆ ಒಂದು ದಾರಿ ಬೇಕಲ್ಲ, ಅದನ್ನು ನಾನು ಇಟ್ಟಿರ್ಲಿಲ್ಲ.”

ಹೆಡ್ಮಾಷ್ಟ್ರು ಕನ್ನಡಕ ತೆಗೆದು ಒರೆಸಿದರು. ಕೊನೆಗೆ ಪೈಂಟರಿಗೆ ಅವರೇ ಫೋನ್ ಮಾಡಿದರು. ಹೊಸ ವಾಕ್ಯವನ್ನು ಒಂಬತ್ತನೆಯ ತರಗತಿಯವರೇ ಕುಳಿತು, ಜಗಳಾಡಿ, ಮಾಡಿಕೊಟ್ಟರು: ‘ನೋಡಿ ಬರೆಯುವುದಿಲ್ಲ. ತೋರಿಸುವುದಿಲ್ಲ. ತಪ್ಪಿದರೆ ನಾನೇ ಬಂದು ಹೇಳುತ್ತೇನೆ.’ ಕೊನೆಯ ಸಾಲು ಸುಹರಾಳದು. ಹೇಳಿದವರಿಗೆ ಏನಾಗುತ್ತದೆ ಎಂದು ಒಬ್ಬ ಕೇಳಿದ. “ಆ ಲೆಕ್ಕದ ಮಾರ್ಕು ಹೋಗ್ತದೆ. ಮರ್ಯಾದೆ ಹೋಗುದಿಲ್ಲ,” ಎಂದರು ಟೀಚರ್.

ಈಗ ಪರೀಕ್ಷೆಯ ದಿನ ಗೇರುಮರದ ಕೆಳಗೆ ಟೀಚರ ಕುರ್ಚಿಯ ಪಕ್ಕದಲ್ಲಿ ಒಂದು ಸ್ಟೂಲು, ಅದರ ಮೇಲೆ ನೀರಿನ ಹೂಜಿ, ಬೆಲ್ಲದ ಡಬ್ಬಿ. ಪರೀಕ್ಷೆ ಮುಗಿದ ಮೇಲೆ ಒಬ್ಬರೋ ಇಬ್ಬರೋ ಮೆಲ್ಲ ಅತ್ತ ನಡೆಯುತ್ತಾರೆ. ತಗ್ಗಿದ ದನಿಯಲ್ಲಿ ಏನೋ ಹೇಳುತ್ತಾರೆ, ಬೆಲ್ಲ ತಿಂದು ನೀರು ಕುಡಿದು ಹೋಗುತ್ತಾರೆ. ಎಲ್ಲರೂ ಬಂದು ಹೇಳುತ್ತಾರೆ ಎಂದು ಟೀಚರ್ ನಂಬಿಲ್ಲ. ಒಂದೇ ತಪ್ಪು ಎರಡು ಹಾಳೆಗಳಲ್ಲಿ ಕಂಡು, ಇಬ್ಬರೂ ಬಾರದೆ ಹೋದ ದಿನಗಳೂ ಇವೆ. ಆಗ ಅವರು ಎರಡೂ ಹಾಳೆಗಳಲ್ಲಿ ಒಂದೊಂದು ಬಾಣ ಹಾಕಿ, ‘ಇಲ್ಲಿಂದ ದಾರಿ ತಪ್ಪಿದೆ’ ಎಂದು ಬರೆದು ಸುಮ್ಮನಾಗುತ್ತಾರೆ. ಟೀಚರ ಅಪ್ಪನ, ದೊಡ್ಡಪ್ಪನ ಆ ಎರಡು ಮನೆಗಳ ನಡುವೆ ಮಾತ್ರ ಇನ್ನೂ ನೀರಿಲ್ಲ. ಅಲ್ಲಿ ನಾಣ್ಯ ಇಡಬೇಕಾದವರಿಬ್ಬರೂ ಈಗ ಇಲ್ಲ.

ಭವಿತಾ ಹೊಸ ವಾಕ್ಯ ಹೇಳಿ ಬರೆದ ಮೊದಲ ಪರೀಕ್ಷೆಯ ದಿನ, ಗಂಟೆ ಹೊಡೆದ ಮೇಲೆ ಅವಳು ಕೋಣೆಯಿಂದ ಹೊರಬಂದು ನೇರ ಗೇರುಮರದ ಕಡೆಗೆ ನಡೆದಳು. ಅವಳು ಬರುವುದನ್ನು ಕಂಡು, ಇವಳು ಮತ್ತೆ ನೋಡಿ ಬರೆದಳೇ ಎಂದು ಟೀಚರಿಗೆ ಹೆದರಿಕೆಯಾಯಿತು. ಏನೂ ತೋರಿಸಿಕೊಳ್ಳದೆ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದರು. ಹುಡುಗಿ ಉತ್ತರಪತ್ರಿಕೆಯನ್ನು ಕೈಗೆ ಕೊಟ್ಟಳು. ತುಂಬ ಬರೆದಿದ್ದಳು. ಹೆಚ್ಚಿನವು ಅರ್ಧ ದಾರಿಯಲ್ಲಿ ನಿಂತಿದ್ದವು, ಎರಡನೆಯ ಲೆಕ್ಕದಲ್ಲಿ ಋಣಚಿಹ್ನೆ ಮಾಯವಾಗಿತ್ತು. ಅರ್ಧ ಮಾರ್ಕುಗಳು ಅಲ್ಲಲ್ಲಿ ಕಾಣಿಸುತ್ತಿದ್ದವು.

“ಎಂತ ಹೇಳ್ಲಿಕ್ಕುಂಟು ಗೂಡೆ?” ಎಂದು ಕೇಳಿದರು ಟೀಚರ್.

ಭವಿತಾ ಅವರ ಮುಖ ನೋಡಿದಳು, ಅದು ಸಿಟ್ಟಲ್ಲವೆಂದು ತಿಳಿದುಕೊಂಡಳು.

“ಹೇಳ್ಲಿಕ್ಕೆ ಎಂತ ಇಲ್ಲ ಟೀಚರ್,” ಎಂದಳು. “ಬಾಯಾರಿಕೆ ಮಾತ್ರ.”

ಟೀಚರ್ ದೊಡ್ಡ ತುಂಡೇ ನೋಡಿ ಬೆಲ್ಲ ಕೊಟ್ಟು, ಲೋಟಕ್ಕೆ ನೀರು ಬಗ್ಗಿಸಿದರು.